ಅರವತ್ತು ಹನಿ

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ಕೂದಲಿಗಿಂತ ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ
ಅದರ ಗೂಡಿಗೆ ಇಳಿಸುತ್ತಿದ್ದ ಕೈ ಇದು.
ಉಸಿರು ಬಿಟ್ಟರೆ ಹಾರಿಹೋಗುತ್ತಿತ್ತು.
ಇಪ್ಪತ್ತಾರು ವರ್ಷ, ಕಿಟಕಿ ಸಾಲಿನ ನಾಲ್ಕನೇ ಮೇಜು,
ಸೆಕೆಂಡಿಗೆ ಐದು ಟಿಕ್ಕು.
ಫ್ಯಾಕ್ಟರಿ ಮುಚ್ಚಿದ ಮೇಲೆ ಇದೇ ಕೈ
ಅವರೆಕಾಯಿ ಸುಲಿಯಿತು, ರವಿಕೆಗೆ ಹುಕ್ಕು ಹೊಲಿಯಿತು.

ತುಮಕೂರಿನ ದೊಡ್ಡಾಸ್ಪತ್ರೆ, ಮಕ್ಕಳ ವಾರ್ಡು.
ನಾದಿನಿಯ ಮೊಮ್ಮಗುವಿಗೆ ವಾಂತಿಭೇದಿ.
ಮೂರು ಕಡೆ ಚುಚ್ಚಿದ ಮೇಲೆ
ನೆತ್ತಿಯ ಪಕ್ಕ ಸಿಕ್ಕಿತು ನರ,
ನೂಲಿನಷ್ಟು, ನೀಲಿ.
ಶಿವನಂಜಮ್ಮ ಸಿಸ್ಟರ್ ಉಸಿರು ಬಿಗಿಹಿಡಿದಿದ್ದಳು.
ಆ ಉಸಿರು ನನಗೆ ಗೊತ್ತು.

"ನಿಮಿಷಕ್ಕೆ ಅರವತ್ತು ಹನಿ.
ಜಾಸ್ತಿಯಾದರೆ ಎದೆಗೆ ಭಾರ, ನಿಂತರೆ ಸೂಜಿ ಕಟ್ಟಿಕೊಳ್ಳುತ್ತೆ.
ನೋಡ್ತಾ ಇರಿ ಅಜ್ಜಿ."
ಹೋದಳು. ಅವಳಿಗೆ ಇನ್ನೂ ಮೂವತ್ತೊಂದು ಮಂಚ.

ನೋಡಿದೆ.
ಮಣಿಕಟ್ಟಿನಲ್ಲಿ ನಾನೇ ಜೋಡಿಸಿದ ಗಡಿಯಾರ,
ಮೇಲೆ ಹನಿ, ಕೆಳಗೆ ಮುಳ್ಳು,
ಎರಡೂ ಜೊತೆಜೊತೆಗೆ, ಜೋಡೆತ್ತಿನ ಹಾಗೆ.
ಎರಡೂಮುಕ್ಕಾಲಿಗೆ ಮುಳ್ಳೊಂದೇ ನಡೆಯುತ್ತಿತ್ತು.
ಎಷ್ಟು ಹೊತ್ತಿನಿಂದ? ನನ್ನ ರೆಪ್ಪೆ ಅಂಟಿದ್ದು ಯಾವಾಗ?
ಸೂಜಿಯೊಳಗೆ ರಕ್ತ ಹೆಪ್ಪುಗಟ್ಟಿತ್ತು.
ಮತ್ತೆ ನರ ಹುಡುಕಬೇಕು, ಮತ್ತೆ ಚುಚ್ಚಬೇಕು.
ಅಳುವಷ್ಟು ನೀರೂ ಉಳಿದಿರಲಿಲ್ಲ ಮಗುವಿನಲ್ಲಿ.

ಮಗು ಬದುಕಿತು. ಈಗ ಸೈಕಲ್ ಹೊಡೆಯುತ್ತೆ.
ನನಗೆ ಮಾತ್ರ ಆ ಎರಡೂಮುಕ್ಕಾಲು ದಾಟಲಿಲ್ಲ.

ಟೀವಿ ರಿಮೋಟಿನ ಮೂಗಿನಲ್ಲಿ
ಕಣ್ಣಿಗೆ ಕಾಣದ ದೀಪವೊಂದಿದೆಯಂತೆ,
ಮಂಡಿಪೇಟೆಯ ರೇಡಿಯೋ ರಿಪೇರಿ ಜಬೀವುಲ್ಲಾ ತೋರಿಸಿದ.
ಹನಿ ಬೀಳುವ ಗೂಡಿಗೆ ಈ ಕಡೆ ದೀಪ,
ಆ ಕಡೆ ಅದನ್ನು ನೋಡುವ ಕಣ್ಣು.
ನಡುವೆ ಹನಿ ಹಾದರೆ ನೆರಳು,
ನೆರಳಾದರೆ ಒಂದು.
ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಎರಡನ್ನೂ ಕೂರಿಸಿದೆ.

ಮೊದಲನೆಯದು ಟ್ಯೂಬ್‌ಲೈಟಿನ ನಡುಕವನ್ನೆಲ್ಲ ಎಣಿಸಿ
ನಿಮಿಷಕ್ಕೆ ಆರು ಸಾವಿರ ಹನಿ ಅಂದಿತು.
"ವಾಚಮ್ಮ, ಇದು ಬೋರ್‌ವೆಲ್ಲು!"
ಜಬೀವುಲ್ಲಾ ನಕ್ಕಿದ್ದೇ ನಕ್ಕಿದ್ದು.
ಎರಡನೆಯದಕ್ಕೆ ಕರಿಬಟ್ಟೆಯ ಕುಲಾವಿ ಹೊಲಿದೆ.
ಮೂರನೆಯದು ಸರಿಯಾಗಿ ಎಣಿಸಿತು. ಹನಿ ನಿಂತರೆ
ಲಾರಿ ಹಿಂದಕ್ಕೆ ತೆಗೆದ ಹಾಗೆ ಕಿರುಚಿತು,
ವಾರ್ಡಿಗೆ ವಾರ್ಡೇ ಎದ್ದು ಕೂತಿತು.

ಮೂರು ದಿನ ಬಿಟ್ಟು ಹೋಗಿ ನೋಡಿದರೆ
ಅದರ ಬಾಯಿಗೆ ಪ್ಲಾಸ್ಟರು.
"ಬೇಜಾರು ಮಾಡ್ಕೋಬೇಡಿ," ಶಿವನಂಜಮ್ಮ ಅಂದಳು,
"ಇಲ್ಲಿ ಕೂಗದೆ ಇರೋದು ಯಾವುದು ಹೇಳಿ?
ಕಿವಿ ಸತ್ತುಹೋಗಿದೆ ನಮ್ಮದು."

ಕ್ಯಾತ್ಸಂದ್ರದ ತನಕ ಬಸ್ಸಿನಲ್ಲಿ
ಆ ಮಾತು ನನ್ನ ಮಡಿಲಲ್ಲೇ ಕೂತಿತ್ತು.

ಫ್ಯಾಕ್ಟರಿಯ ಬೀಗ ಬಿದ್ದ ವಾರ
ಮನೆಯ ಗೋಡೆ ಗಡಿಯಾರಕ್ಕೆ ಕೀ ಕೊಡಲು ಮರೆತಿದ್ದೆ.
ನಡುರಾತ್ರಿ ಥಟ್ಟನೆ ಎಚ್ಚರವಾಯಿತು.
ಬಾಗಿಲು ನೋಡಿದೆ, ಒಲೆ ನೋಡಿದೆ, ಎಲ್ಲ ಸರಿ ಇತ್ತು.
ಆಮೇಲೆ ತಿಳಿಯಿತು,
ನನ್ನನ್ನು ಎಬ್ಬಿಸಿದ್ದು ನಿಂತುಹೋದ ಸದ್ದು.

ಕಿರುಚುವುದನ್ನು ಕಿತ್ತು ಹಾಕಿದೆ.
ಹನಿಗೊಂದು ಟಿಕ್ಕು, ಅಷ್ಟೇ,
ಗೋಡೆಯಲ್ಲಿ ಹಲ್ಲಿ ಲೊಚಗುಟ್ಟಿದಷ್ಟು.
ಸಿಸ್ಟರ ಮೇಜಿಗೆ ಬೇರೆ ಒಂದು ಕೆಂಪು ದೀಪ.
"ಅಲಾರಂ ಎಲ್ಲಿ?" ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿದರು.
ಇವತ್ತೊಂದು ರಾತ್ರಿ ಇರಲಿ ಸಾರ್, ಅಂದೆ.

ಮಧುಗಿರಿ ಕಡೆಯ ಹುಡುಗಿ, ಚೊಚ್ಚಲ ತಾಯಿ,
ಮಂಚದ ಕೆಳಗೆ ಸೆರಗು ಹಾಸಿ ಮಲಗಿದ್ದಳು,
ಮೂರು ದಿನದ ನಿದ್ದೆ, ಬಾಯಿ ತೆರೆದುಕೊಂಡು.
ಟಿಕ್ಕು, ಟಿಕ್ಕು, ಟಿಕ್ಕು.
ನಾನು ಬಾಗಿಲ ಬಳಿ ಸ್ಟೂಲಿನ ಮೇಲೆ.
ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗ
ಮಗು ಕೈ ಮಡಚಿತು, ಹನಿ ನಿಂತಿತು.
ಸಿಸ್ಟರು ದೀಪ ನೋಡಿ ಏಳುವ ಮೊದಲೇ
ಆ ಹುಡುಗಿ ಎದ್ದು ಕೂತಿದ್ದಳು,
ಒಂದು ಕೈ ಮಗುವಿನ ಪಾದದ ಮೇಲೆ,
ಕರೆದವರು ಯಾರು ಎಂದು
ಸುತ್ತ ನೋಡುತ್ತ.