ಅಳತೆ ಪುಸ್ತಕ

ಮೂವತ್ತೊಂದು ವರ್ಷ ಬೇರೆಯವರ ಮೈ ಅಳೆದಿದ್ದೇನೆ
ಶ್ರೀರಾಮಪುರದಲ್ಲಿ, ಹಿಟ್ಟಿನ ಗಿರಣಿಯ ಮಹಡಿಯ ಮೇಲೆ.
ಯಾರು ಉಸಿರು ಬಿಗಿಹಿಡಿಯುತ್ತಾರೆ,
ಯಾರು ಮದುವೆಗೆ ಮೊದಲಿನ ಬ್ಲೌಸು ತಂದು
‘ಇದೇ ಅಳತೆ’ ಅನ್ನುತ್ತಾರೆ,
ಟೇಪು ತಾಗುವ ಮೊದಲೇ ನನಗೆ ಗೊತ್ತು.

ಇವತ್ತು ಜಯನಗರದ ಒಂದು ನೆಲಮಾಳಿಗೆಯಲ್ಲಿ
ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಾಗ
ನಾನೂ ಹೊಟ್ಟೆ ಒಳಗೆಳೆದುಕೊಂಡೆ.
‘ಉಸಿರು ಬಿಡಿ, ಅಕ್ಕ’ ಎಂದ ತಬ್ರೇಜ್.
ನನ್ನದೇ ಮಾತು, ನನಗೇ.

ಹಳೇ ಟೆಲಿಫೋನ್ ಡೈರೆಕ್ಟರಿ ಕೈಗಿಟ್ಟ.
ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿಯಬೇಕಂತೆ.
ತಾನು ಕ್ಯಾಲೆಂಡರಿನ ಕಡೆ ತಿರುಗಿ
ಬೇಡದ ತಾರೀಖುಗಳನ್ನೆಲ್ಲ ಓದುತ್ತ ನಿಂತ.
ಪೆನ್ಸಿಲ್ ಗೆರೆ ನಾನೇ ಎಳೆದೆ:
ಎಪ್ಪತ್ತೆರಡೂವರೆ.

ಆರು ತಿಂಗಳು ತಮ್ಮನ ಮಗನ ಸೈಕಲ್ ತುಳಿದಿದ್ದೆ.
ಆರಡಿಯ ಹುಡುಗ, ಅವನ ಮೈಗೆ ತಕ್ಕ ಗಾಡಿ.
ಹೆಸರಘಟ್ಟದ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ
ಹ್ಯಾಂಡಲಿಗೆ ಕೈ ಎಟುಕಲೆಂದು ಬಟ್ಟೆ ಒಣಹಾಕುವವಳ ಹಾಗೆ ಚಾಚಿಕೊಂಡು,
ಕಿರುಬೆರಳು ಜೋಮು ಹಿಡಿದು,
ಸೋಮವಾರ ಸೂಜಿಗೆ ದಾರ ಪೋಣಿಸಲಾಗಲಿಲ್ಲ.
‘ಅಭ್ಯಾಸ ಆಗುತ್ತೆ ಅತ್ತೆ’ ಅಂದ.
ತೊಟ್ಟು ತೊಟ್ಟು ಸರಿಹೋಗುತ್ತೆ ಅನ್ನುವ ದರ್ಜಿಯನ್ನು
ನಾನು ಯಾವತ್ತೂ ನಂಬಿಲ್ಲ.

ತಬ್ರೇಜ್ ಸೈಕಲ್ಲನ್ನು ಸ್ಟ್ಯಾಂಡಿಗೆ ಬಿಗಿದ, ನನ್ನನ್ನು ಏರಿಸಿದ.
ಹಿಂದಿನ ಚಕ್ರ ತಿರುಗುತ್ತದೆ, ಜಯನಗರ ಕದಲುವುದಿಲ್ಲ.
ಇದೇನು ಹೊಸದೇ?
ತುಳಿದು ತುಳಿದು ಇದ್ದಲ್ಲೇ ಇರುವುದು
ಅನ್ನ ಕೊಟ್ಟ ವಿದ್ಯೆ.

ಸೊಂಟಕ್ಕೆ, ಮಂಡಿಗೆ, ಹರಡಿಗೆ
ಬೊಟ್ಟಿನಂಥ ಸ್ಟಿಕರು ಅಂಟಿಸಿ ನೋಡಿದ, ತುಂಬ ಹೊತ್ತು.
‘ಎಡಮಂಡಿ ಒಳಕ್ಕೆ ಬೀಳ್ತಿದೆ.
ಬಲಗಾಲಲ್ಲೇ ಏನಾದರೂ ತುಳೀತಿದ್ದಿರಾ?’
ನಕ್ಕೆ. ಹೇಳಿದೆ.
ಅವನು ನಗಲಿಲ್ಲ. ಎಡಗಡೆಯ ಶೂ ಬಿಚ್ಚಿಸಿ
ಅಡಿಯಲ್ಲಿ ಎರಡು ಮಿಲಿಮೀಟರಿನ ಬಿಲ್ಲೆಯೊಂದನ್ನು ಕೂರಿಸಿದ.
ಮೂವತ್ತೊಂದು ವರ್ಷಕ್ಕೆ ಎರಡು ಮಿಲಿಮೀಟರು.

‘ನಲವತ್ತೆಂಟಕ್ಕೂ ಐವತ್ತೊಂದಕ್ಕೂ ಮಧ್ಯೆ ಇದ್ದೀರಿ.’
‘ಎಲ್ಲರೂ ಮಧ್ಯದವರೇ ಕಣಪ್ಪ.’
‘ಕಾಲು ಉದ್ದ, ಮೈ ಗಿಡ್ಡ. ಚಿಕ್ಕದೇ ತಗೊಳ್ಳಿ,
ಹ್ಯಾಂಡಲ್ಲಿನ ಕೆಳಗೆ ಬಳೆ ಹಾಕಿ ಎತ್ತರಿಸ್ತೀನಿ.
ಮುಂದೆ ಮೈ ಬಗ್ಗಿದ ಹಾಗೆ ಒಂದೊಂದೇ ತೆಗೆದರಾಯ್ತು.’
ಬಳೆಗಳನ್ನು ಮುಟ್ಟಿ ನೋಡಿದೆ.
ಓ, ಒಳಗೆ ಬಿಟ್ಟು ಹೊಲಿದ ಬಟ್ಟೆ!
ನಾಳೆಯ ಮೈಗೆ ಇವತ್ತೇ ಇಡುವ ಜಾಗ.

ಮೊಣಕೈ ಮೆತ್ತೆಯ ಮೇಲೂರಿ, ತಲೆ ತಗ್ಗಿಸಿ,
ಕನ್ನಡಿಯಲ್ಲಿ ನೋಡಿಕೊಂಡೆ: ಬಾಣದ ಹಾಗೆ ಇದ್ದೆ,
ಸ್ವಲ್ಪ ದಪ್ಪ ಬಾಣ.
ಇನ್ನೂ ಬಗ್ಗಲೇ? ಗಾಳಿ ಕಡಿಮೆ ತಾಗುತ್ತಲ್ಲ?
‘ಬಗ್ಗಬಹುದು.
ಆದರೆ ಇದು ಟ್ರಯಥ್ಲಾನು, ಇಳಿದ ಮೇಲೆ ಓಡಬೇಕಲ್ಲ, ಅಕ್ಕ.’
ಸೀಟನ್ನು ಒಂದು ಬೆರಳು ಮುಂದೆ ತಂದ,
ಹೊಟ್ಟೆಗೂ ತೊಡೆಗೂ ನಡುವೆ ಉಸಿರಿಗೆ ಎಡೆ ಸಿಕ್ಕಿತು.
ಕನ್ನಡಿಯ ಮುಂದೆ ಚೆಂದ ಕಂಡರೆ ಸಾಲದು,
ಬಸ್ಸಲ್ಲಿ ಕಂಬಿ ಹಿಡಿಯಬೇಕಲ್ಲ, ಕೈ ಎತ್ತಿ ನೋಡಿ ಎಂದು
ನಾನೂ ಎಷ್ಟು ಸಾವಿರ ಸಲ ಹೇಳಿಲ್ಲ.

ಬೆಲೆ ಕೇಳಿದೆ. ಇನ್ನೊಮ್ಮೆ ಕೇಳಿದೆ.
ಚೀಟಿ ಮಾತ್ರ ತೆಗೆದುಕೊಂಡು ಹಸಿರು ಮೆಟ್ರೋ ಹತ್ತಿದೆ.

ರಾತ್ರಿ, ಮಷೀನಿಗೆ ಬಟ್ಟೆ ಹೊದಿಸಿದ ಮೇಲೆ,
ಅಳತೆ ಪುಸ್ತಕದ ಹೊಸ ಹಾಳೆಯಲ್ಲಿ ಬರೆದೆ:
ಪಂಕಜಾಕ್ಷಿ. ಸೀಟು ಅರವತ್ನಾಲ್ಕು. ಬಳೆ ಮೂರು. ಎಡಕ್ಕೆ ಬಿಲ್ಲೆ.
ಗುಂಡುಸೂಜಿ ಚುಚ್ಚಲು ಬಟ್ಟೆಯ ಚೂರಿಲ್ಲ.
ಮಂಡಿಯ ಮೇಲೇ ಉಳಿದಿದ್ದ ಸ್ಟಿಕರು ಕಿತ್ತು ಅಂಟಿಸಿದೆ.
ಅಡ್ವಾನ್ಸು ಎಂಬಲ್ಲಿ ಸೊನ್ನೆ.
ಡೆಲಿವರಿ ತಾರೀಖಿನ ಎದುರು
ಗಿರಾಕಿಗಳಿಗೆ ಹೇಳುವ ಸುಳ್ಳನ್ನೇ ಹಾಕಿದೆ:
ಮುಂದಿನ ಗುರುವಾರ.