ಕೊನೆಯ ಟ್ರಿಪ್ಪಿನ ನಂತರ

ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಎಂದು
ದಿನವಿಡೀ ಕೂಗಿದ ಗಂಟಲು
ರಾತ್ರಿ ಒಂಬತ್ತೂವರೆಗೆ ಬೋಳಾರದ ಓಣಿಗೆ ಇಳಿಯುವಾಗ
ಮೂಕ.
ಆದರೂ ನನ್ನ ಚಪ್ಪಲಿ ಗೇಟು ಮುಟ್ಟುವ ಮೊದಲೇ
ಬೂತಾಯಿಗೆ ಗೊತ್ತು.

ಬೂತಾಯಿ ನಮ್ಮ ನಾಯಿಯ ಹೆಸರು.
ಬಂದರಿನ ಧಕ್ಕೆಯಲ್ಲಿ, ಮೀನಿನ ಖಾಲಿ ಬುಟ್ಟಿಯೊಳಗೆ
ಕಣ್ಣು ಬಿಡದ ಒಂದು ಮುಷ್ಟಿಯಾಗಿ ಸಿಕ್ಕಿದವನು.
ಈಗ ಹದಿನೆಂಟು ಕಿಲೋ.
ಹದಿನೆಂಟೂ ಒಟ್ಟಿಗೆ ನನ್ನ ಎದೆಗೆ.
ಖಾಕಿ ಅಂಗಿಯ ಗುಂಡಿ ಹೋಯಿತು,
ಚಿಲ್ಲರೆ ಚೀಲ ಉರುಳಿ
ಒಂದು, ಎರಡು, ಐದರ ನಾಣ್ಯ ಕಾವಿ ನೆಲದ ತುಂಬ,
ಬಾಲ ಬೀಸಿದ ಬೀಸಿಗೆ ನೀರಿನ ಚೊಂಬು.
ಒಳಗಿಂದ ಯಶವಂತಿ: "ಬಂತಾ ಎಕ್ಸ್‌ಪ್ರೆಸ್ಸು?"
ಕೇಳಿದ್ದು ಅವನನ್ನೋ, ನನ್ನನ್ನೋ.

ಮೊದಮೊದಲು ಗದರಿದೆ.
ಗದರಿದ್ದು ಅವನಿಗೆ ಆಟದ ಕರೆ.
ತಳ್ಳಿದೆ.
ತಳ್ಳಿದ್ದು ಕುಸ್ತಿ.
ಒಂದು ದಿನ ಜೇಬಿನ ಸೀಟಿ ತೆಗೆದು ಉದ್ದಕ್ಕೆ ಊದಿದೆ.
ಒಂದು ಸೀಟಿಗೆ ನಿಲ್ಲುವುದು ಬಸ್ಸು ಮಾತ್ರ.
ಇವನು ಮನೆಗೇ ಮೂರು ಸುತ್ತು ಬಂದ,
ಸೋಫಾ, ಅಕ್ಕಿ ಚೀಲ, ಮಗಳ ಡ್ರಾಯಿಂಗ್ ಹಾಳೆ;
ಪಕ್ಕದ ಮನೆಯ ಫ್ಲೋರಿನ್ ಬಾಯಿ
ಕಿಟಕಿ ಹಾಕಿಕೊಂಡರು.

ಉಪಾಯ ಹೇಳಿದ್ದು ಏಳನೇ ಕ್ಲಾಸಿನ ಪ್ರಾಪ್ತಿ.
"ಪಪ್ಪಾ, ನೀನು ಕಂಬ ಆಗು.
ಮುಟ್ಟಬಾರದು, ನೋಡಬಾರದು, ಹೆಸರು ಕರೆಯಬಾರದು.
ಅವನ ನಾಲ್ಕೂ ಕಾಲು ನೆಲಕ್ಕೆ ತಾಗಿದ ಮೇಲೆ
ವಾಪಸ್ ಮನುಷ್ಯ."

ಹದಿನಾಲ್ಕು ಗಂಟೆ ಫುಟ್‌ಬೋರ್ಡಿನಲ್ಲಿ ತೂಗಿದವನಿಗೆ
ಕಂಬ ಆಗು ಎಂದರೆ!
ನಿಂತೆ.
ನಿಂತ ಮೇಲೆ ತಿಳಿಯಿತು, ನಿಂತಿಲ್ಲ.
ಮೊಣಕಾಲಲ್ಲಿ ಇನ್ನೂ ಕಂಕನಾಡಿಯ ತಿರುವು,
ಹೆಬ್ಬೆರಳು ಇಲ್ಲದ ಟಿಕೆಟು ಹರಿಯುತ್ತಿದೆ,
ಎರಡು ನಿಮಿಷ ಟೈಮಿಂಗ್ ತಪ್ಪಿದ್ದಕ್ಕೆ
ಹಿಂದಿನ ಬಸ್ಸಿನವನು ಬೈದದ್ದು
ಕಿವಿಯಲ್ಲೇ ಸೀಟು ಹಿಡಿದು ಕೂತಿದೆ,
ಸ್ಟಾಪು ಬಂದರೂ ಇಳಿಯುವ ಹಾಗಿಲ್ಲ.
ನಾನು ಇಂಜಿನ್ ಚಾಲೂ ಇಟ್ಟೇ
ಮನೆಗೆ ಬರುತ್ತಿದ್ದೆ, ದಿನಾ.

ಉಸಿರು ಬಿಟ್ಟೆ. ಹೆಗಲು ಇಳಿಸಿದೆ.
ಗೋಡೆಯ ಕ್ಯಾಲೆಂಡರಿನಲ್ಲಿ ಈ ತಿಂಗಳ ಸಂಕ್ರಾಂತಿ ಯಾವಾಗ ಎಂದು
ಹುಡುಕುತ್ತ ಹುಡುಕುತ್ತ ಕಂಬವಾದೆ.
ಬೂತಾಯಿ ಹಾರಿದ.
ಮತ್ತೆ ಹಾರಿದ, ಸ್ವಲ್ಪ ಕಡಿಮೆ.
ಕಂಬವನ್ನು ಮೂಸಿದ.
ಕಂಬಕ್ಕೆ ನಾಯಿಗಳು ಮಾಡುವುದನ್ನು ಮಾಡಿಬಿಡುತ್ತಾನೋ ಎಂದು
ಒಂದು ಗಳಿಗೆ ಹೆದರಿಕೆ.
ಕೊರಳೊಳಗೆ ಸಣ್ಣ ಕುಂಯ್,
ಆಮೇಲೆ ನೆಲದ ತಂಪಿಗೆ ಹೊಟ್ಟೆ ಕೊಟ್ಟು
ಧೊಪ್ಪನೆ.

ಆಗ ನಾನೂ ನೆಲಕ್ಕೆ ಕೂತೆ.
ಇಳಿತದ ಹೊತ್ತು ನೇತ್ರಾವತಿಯಲ್ಲಿ ಹುಟ್ಟು ಹಾಕದೆ
ದೋಣಿ ಹೋಗುವ ಹಾಗೆ
ಕೈ ಕೊರಳಿಂದ ಬಾಲದವರೆಗೆ.
"ತಟ್ಟಬೇಡ ಪಪ್ಪಾ," ಅಂದಳು ಪ್ರಾಪ್ತಿ,
"ತಟ್ಟಿದರೆ ಬಸ್ಸು ಹೊರಡುತ್ತದೆ."
ಅವನ ಪಕ್ಕೆಲುಬಿನೊಳಗೆ
ಒಂದೊಂದೇ ಗೇರು ಇಳಿಯುವುದು ಅಂಗೈಗೆ ಗೊತ್ತಾಯಿತು.

ಎಲ್ಲ ಸರಿಹೋಗಿದೆ ಅಂತೇನಲ್ಲ.
ನಿನ್ನೆ ಗ್ಯಾಸಿನ ಹುಡುಗ ಬಂದಾಗ ಮತ್ತೆ ಅದೇ ಕಥೆ.
ಕಂಬವಾಗಪ್ಪಾ ಎಂದರೆ ಅವನು
ಸಿಲಿಂಡರಿನ ಮೇಲೆ ಹತ್ತಿ ನಿಂತನಂತೆ.
ಚಿಲ್ಲರೆ ಈಗಲೂ ಚೆಲ್ಲುತ್ತದೆ ಕೆಲವು ದಿನ;
ಸೋಫಾದ ಅಡಿಗೆ ಹೋದದ್ದು ಮಗಳಿಗೆ,
ಅದು ಒಪ್ಪಂದ.

ಈಗ ಹತ್ತೂಕಾಲು. ಗಂಜಿ ಊಟ ಆಯಿತು.
ಮುಖ್ಯರಸ್ತೆಯಲ್ಲಿ ಕೊನೆಯ ಬಸ್ಸು
ಯಾರನ್ನೋ ಇಳಿಸಿ, ಎರಡು ಸೀಟಿ.
ಬೂತಾಯಿಯ ಒಂದು ಕಿವಿ ಎದ್ದಿತು,
ಒಂದು ಕಣ್ಣು ನನ್ನ ಕಡೆ.
ನಮ್ಮದಲ್ಲ ಮಾರಾಯ, ಮಲಗು.
ಮಲಗಿದ.
ನಿದ್ದೆಯಲ್ಲಿ ಅವನ ಕಾಲು ಓಡುತ್ತಿದೆ, ಎಲ್ಲಿಗೋ,
ಮತ್ತು ನನ್ನ ಕೈ, ನನಗೇ ತಿಳಿಯದೆ,
ಅವನ ಪಕ್ಕೆಗೆ ಮೆಲ್ಲಗೆ ಒಂದು ಸಲ ತಟ್ಟಿ
ಎರಡನೆಯದಕ್ಕೆ ಎತ್ತಿದ್ದು
ಹಾಗೇ ನಿಂತಿದೆ.