ನಡಾವಳಿಯಲ್ಲಿ ಬರೆಯದೆ ಬಿಟ್ಟದ್ದು

ಘೆಂಟ್ ಊರಿನ ಕಾಲುವೆ ಬದಿ, ಹಳೇ ನೂಲುಮಂಡಿಯ ಅಟ್ಟದಲ್ಲಿ
ಹನ್ನೊಂದು ದೇಶದ ನಾವು ಇಪ್ಪತ್ತಮೂರು ಜನ.
ಗ್ರಂಥಸಂಗ್ರಾಹಕರ ಅಂತರರಾಷ್ಟ್ರೀಯ ಸಂಘ ಎಂದು
ಲೆಟರ್‌ಹೆಡ್ಡಿನಲ್ಲಿ ನಾಲ್ಕು ಭಾಷೆಯಲ್ಲಿದೆ;
ಒಟ್ಟಿಗೆ ಕೂತಾಗ ನಮ್ಮ ಭಾಷೆ ಒಂದೇ,
ಮೂಸಿ ನೋಡುವುದು.

ನಾನು ಕಾರ್ಯದರ್ಶಿ. ಬರೆದುಕೊಳ್ಳುವುದು ನನ್ನ ಕೆಲಸ.
ಕುತೈಸಿಯ ಹಲ್ಲಿನ ಡಾಕ್ಟರು ಒತಾರ್
ಹೆಬ್ಬೆರಳಿಗಿಂತ ದೊಡ್ಡ ಪುಸ್ತಕ ಮುಟ್ಟುವುದಿಲ್ಲ;
ಅವನ ಇಡೀ ಗ್ರಂಥಾಲಯ
ಚಪ್ಪಲಿ ಡಬ್ಬಿಯಲ್ಲಿ ಕೂತು ವಿಮಾನ ಹತ್ತಿ ಬರುತ್ತದೆ.
ಕನಜಾವಾದ ಚಿಹಾರು ಹುಳ ತಿಂದದ್ದನ್ನಷ್ಟೇ ಕೊಳ್ಳುವವಳು,
ರಟ್ಟಿನಿಂದ ರಟ್ಟಿಗೆ ತೂತಿನ ದಾರಿಯಲ್ಲಿ
ಸೂಜಿ ಇಳಿಸಿ ತೋರಿಸುತ್ತಾಳೆ:
ಕೊನೆಯವರೆಗೂ ಹೋದ ಓದುಗ ಇವನೊಬ್ಬನೇ.
ಮೊಂತೆವಿದೆಯೊದ ಎವಾರಿಸ್ತೊಗೆ ಪುಸ್ತಕವೇ ಬೇಡ,
ಒಪ್ಪೋಲೆ ಸಾಕು.
ತಪ್ಪೊಪ್ಪಿಕೊಂಡ ಚೀಟಿಗಳು ಆರು ಸಾವಿರ ಅವನ ಮನೆಯಲ್ಲಿ,
ತಂತಮ್ಮ ತಪ್ಪುಗಳಿಂದ ದೂರವಾಗಿ.

ವಿಷಯ ನಾಲ್ಕು: ಅಗಲಿದ ಸದಸ್ಯರು.
ರೀಗಾದಿಂದ ವೆಲ್ಟಾ ಬಂದಿದ್ದಳು, ಗಂಡನ ಕುರ್ಚಿಗೆ.
ಬಟ್ಟೆಚೀಲದಲ್ಲಿ, ಅರ್ಧ ಬ್ರೆಡ್ಡಿನ ಜೊತೆ, ಆ ಪುಸ್ತಕ.
ನಾವೆಲ್ಲ ಕೇಳಿ ಬಲ್ಲದ್ದೇ: ಅಂಚು ಕೊಯ್ಯದ ಪ್ರತಿ,
ಅಚ್ಚುಕೂಟದಲ್ಲಿ ಮಡಿಸಿದ್ದು ಇವತ್ತಿಗೂ ಮಡಿಯಾಗಿಯೇ.
ನಲವತ್ತೊಂದು ವರ್ಷ ಇಮಾಂತ್ಸ್ ಅದನ್ನು ಕಾದಿದ್ದ
ಒಲೆಯಿಂದ, ಬಿಸಿಲಿಂದ, ಮಕ್ಕಳಿಂದ,
ಅವಳಿಂದ.

"ಇದರಲ್ಲೇನಿದೆ, ಓದಬೇಕು" ಎಂದಳು. ಅಷ್ಟೇ.
ಅಧ್ಯಕ್ಷ ಲೀವೆನ್ ಕೆಮ್ಮಿದ.
ಕೊಯ್ದರೆ ಬೆಲೆ ಮೂರರಲ್ಲೊಂದು ಪಾಲು, ಎಂದರು ಯಾರೋ.
ಟಾರ್ಚು ಹಿಡಿದು ಇಣುಕಿ, ಕ್ಷಕಿರಣ ಹಾಯಿಸಿ,
ಹಾವೂ ಸಾಯಲಿ ಕೋಲೂ ಉಳಿಯಲಿ ಎಂಬಂಥ ಸಲಹೆಗಳು
ಮೂರು ಭಾಷೆಯಲ್ಲಿ ಬಂದವು.
ಮತಕ್ಕೆ ಹಾಕೋಣ ಎಂದು ಸೂಚಿಸಿದವನು ನಾನೇ.
ಈಗ ನಾಚಿಕೆ.

ಚೀಸಿನ ತಟ್ಟೆಯಿಂದ ಚಾಕು ತೆಗೆದು
ತೋಳಿಗೆ ಒರೆಸಿಕೊಂಡು ಶುರುಮಾಡಿಯೇಬಿಟ್ಟಳು.
ಆ ಸದ್ದು,
ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಯಾರೋ ನಡೆದು ಬಂದಂತೆ.
ಒತಾರ್ ತನ್ನದೇ ಹಲ್ಲು ಕೀಳುತ್ತಿದ್ದಾರೆಂಬಂತೆ ದವಡೆ ಹಿಡಿದುಕೊಂಡ.

ಅವಳು ಓದಿದಳು. ನಾವು ಕಾದೆವು. ಕಾಫಿ ಆರಿತು.
ಕಡಲ ದಡದ ಹುಡುಗಿ, ಹೊಗೆಯಾಡಿಸಿದ ಮೀನು ಮಾರುವವಳು.
ಹದಿನೇಳನೆಯ ಪುಟದಲ್ಲಿ ಅವಳಿಗೆ ಇಪ್ಪತ್ತು.
ಮೂವತ್ತೆರಡರ ಕೊನೆಗೆ, ಕಟ್ಟೆಯ ತುದಿಯಲ್ಲಿ
ಲಾಂದ್ರ ಎತ್ತಿ ಹಿಡಿದು "ಯಾರದು?" ಎಂದು ಕೂಗುತ್ತಾಳೆ.
ಮಗುಚಿದರೆ ಮತ್ತೆ ಹದಿನೇಳು. ಮತ್ತೆ ಮೀನು, ಮತ್ತೆ ಇಪ್ಪತ್ತು.
ಮತ್ತೆ ಲಾಂದ್ರ. ಯಾರದು?
ಆಮೇಲೆ ಒಮ್ಮೆಲೇ ನಲವತ್ತೊಂಬತ್ತು:
ಮೊಮ್ಮಗನ ಅಂಗಿಗೆ ಗುಂಡಿ ಹಾಕುತ್ತಿದ್ದಾಳೆ.

ಒಂದೇ ಫಾರಂ ಎರಡು ಸಲ ಹೊಲಿದು
ಮುಂದಿನದನ್ನು ಬಿಟ್ಟೇಬಿಟ್ಟಿದ್ದ ಬೈಂಡರು,
ನೂರು ವರ್ಷದ ಹಿಂದೆ, ಮನೆಗೆ ಹೊರಡುವ ಹೊತ್ತಿನಲ್ಲಿ.
ಕಣ್ಣಲ್ಲಿ ಕಣ್ಣಿಟ್ಟು ಇಮಾಂತ್ಸ್ ಕಾದದ್ದು
ಯಾರದೋ ಒಂದು ಅವಸರವನ್ನು.

"ಇಂಥ ಪ್ರತಿ ಇನ್ನೊಂದಿಲ್ಲ!" ಲೀವೆನ್ ಎದ್ದೇ ನಿಂತ,
"ಕೊಯ್ಯದೆ ಇದ್ದಿದ್ದರೆ..." ಎಂದವನು
ಕೊಯ್ಯದೆ ಇದ್ದಿದ್ದರೆ ಏನೆಂದು ಹೊಳೆಯದೆ ಕೂತ.
ಸರಿಯಾದ ಪ್ರತಿ ಎಲ್ಲಾದರೂ ಇದ್ದೀತು,
ಆ ಹದಿನಾರು ಪುಟ ಹುಡುಕಿಸಿ ಕೊಡುತ್ತೇನೆಂದಳು ಚಿಹಾರು.
"ಬೇಡ" ಎಂದಳು ವೆಲ್ಟಾ, ಚಾಕು ತಟ್ಟೆಗಿಡುತ್ತ,
"ನಡುವಿನದು ನನಗೆ ಗೊತ್ತು."
ನಕ್ಕಳೋ ಇಲ್ಲವೋ,
ನಾನು ಆಗ ಬಗ್ಗಿ ಬರೆಯುತ್ತಿದ್ದೆ.

ಎವಾರಿಸ್ತೊ ಊಟದ ಬಿಲ್ಲಿನ ಬೆನ್ನಿಗೆ ಸೀಸದಕಡ್ಡಿಯಲ್ಲಿ
ಜನ್ಮದಲ್ಲೇ ಮೊದಲ ಬಾರಿ ತಾನೇ ಒಂದು ಒಪ್ಪೋಲೆ ಬರೆದು
ಪುಸ್ತಕದೊಳಗೆ ಇಟ್ಟ. ಮನೆಗೆ ಒಯ್ಯಲಿಲ್ಲ.

*ಪುಟ ೧೭ರಿಂದ ೩೨ ಎರಡು ಸಲ ಬಂದಿದೆ.*
*ಎರಡು ಸಲ ಓದಿಕೊಳ್ಳಬೇಕಾಗಿ ವಿನಂತಿ.*

ವಿಷಯ ಐದು: ವಾರ್ಷಿಕ ಚಂದಾ ಐದು ಯೂರೋ ಏರಿಕೆ.
ಸರ್ವಾನುಮತದಿಂದ ಅಂಗೀಕಾರ.